ಬಿಡಿಭಾಗ ಬದಲಿಸಿದ ಮೇಲೆ ಕೋವಿಯ ಕುದುರೆ ಮುನಿಸಿಕೊಂಡರೆ

ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ನಮ್ಮ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಗೆ ಬರುತ್ತವೆ. ಒರೆಸುವುದು, ಎಣ್ಣೆ ಹಾಕುವುದು, ಪೂಜೆಯ ಕೋಣೆಯಾದ ಕನ್ನಿಕೊಂಬರೆಯಲ್ಲಿಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸುವುದು, ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆಯದು. ಹುಡುಗರು ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಹೋದ ವರ್ಷ ನನ್ನ ಮೈದುನನ ಮಗ ಮನೆಯ .315 ರೈಫಲಿನ ಟ್ರಿಗರ್ ಸವೆದಿದೆ ಎಂದು ಪೇಟೆಯಿಂದ ಹಳೆಯ ಟ್ರಿಗರೊಂದನ್ನು ತಂದು ತಾನೇ ಕೂರಿಸಿದ. ಮರುದಿನ ಬಂದು, "ದೊಡ್ಡಮ್ಮಾ, ಮುಂಚೆ ಎರಡು ಹಂತದಲ್ಲಿ ಬರುತ್ತಿತ್ತು, ಈಗ ಮುಟ್ಟಿದರೆ ಸಾಕು, ಬಿದ್ದುಬಿಡುತ್ತದೆ" ಎಂದ. ನಲವತ್ತು ವರ್ಷ ಈ ಕೋವಿಗಳನ್ನು ಒರೆಸಿದವಳು ನಾನು. ನಮ್ಮ ಮಾವನವರು ಟ್ರಿಗರನ್ನು ಕುದುರೆ ಎನ್ನುತ್ತಿದ್ದರು. ಕುದುರೆ ಯಾವಾಗ ಯಾಕೆ ಹಟ ಮಾಡುತ್ತದೆ ಎಂದು ಸ್ವಲ್ಪ ತಿಳಿದಿದೆ.

ಮೊದಲ ಕೆಲಸ ಎಂದಿನದೇ. ತೋಟೆ ತುಂಬುವ ಮ್ಯಾಗಜಿನ್ ಕಳಚಿ, ನಳಿಗೆಯ ಹಿಂಬಾಯಿ ಮುಚ್ಚುವ ಚಿಲಕ, ಅಂದರೆ ಬೋಲ್ಟ್, ತೆರೆದು, ನಳಿಗೆಯ ಹಿಂಬದಿಗೆ ಕಿರುಬೆರಳು ತೂರಿಸಿ ನೋಡಿ. ಕಣ್ಣು ಮೋಸ ಹೋಗಬಹುದು, ಬೆರಳು ಹೋಗುವುದಿಲ್ಲ. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಟ್ರಿಗರ್ ಸರಿಯಿದೆಯೇ ಎಂದು ತೋಟೆ ಹಾಕಿ ನೋಡುವವನ ಕೈಗೆ ನಮ್ಮ ಮನೆಯಲ್ಲಿ ಕೋವಿ ಕೊಡುವುದಿಲ್ಲ.

ಇಶಾಪುರದ ಕಾರ್ಖಾನೆಯ ಈ .315ರ ಎಲುಬುಗೂಡು ಬ್ರಿಟಿಷ್ ಸೈನ್ಯದ ಹಳೆಯ ರೈಫಲ್ ಲೀ ಎನ್‌ಫೀಲ್ಡಿನದೇ. ಅದರ .303 ಗುಂಡು ಸೈನ್ಯದ್ದು, ನಮ್ಮಂಥವರಿಗೆ ಸಿಗುವುದಿಲ್ಲ, ಅದಕ್ಕೇ ಈ .315. ಈ ಜಾತಿಯ ರೈಫಲಿನಲ್ಲಿ ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಸ್ಪ್ರಿಂಗ್ ಬಿಗಿಯಾಗಿ ತಡೆಯುತ್ತದೆ. ಹೊಸಬರು ಅದನ್ನೇ ದೋಷವೆಂದುಕೊಂಡು ಸುತ್ತಿಗೆ ಹುಡುಕುತ್ತಾರೆ. ಅದು ಅದರ ಹುಟ್ಟುಗುಣ. ಟ್ರಿಗರಿಗೂ ಎರಡು ಎಳೆತ ಇರಬೇಕು: ಮೊದಲು ಸಲೀಸಾಗಿ ಬಂದು ಒಂದು ಕಡೆ ನಿಲ್ಲಬೇಕು, ಆಮೇಲೆ ಇನ್ನಷ್ಟು ಒತ್ತಿದರೆ ಬಿಡಬೇಕು. ಮೊದಲ ಎಳೆತ ಮಾಯವಾಗಿದ್ದರೆ ಒಳಗಿನ ಕೊಂಡಿ, ಅಂದರೆ ಸಿಯರ್, ಬೋಲ್ಟಿನ ಹಿಂದಿನ ಕಾಕಿಂಗ್ ಪೀಸನ್ನು, ಟ್ರಿಗರ್ ಎಳೆದಾಗ ಮುಂದಕ್ಕೆ ಬೀಳುವ ತುಂಡನ್ನು, ತುದಿಯಲ್ಲಷ್ಟೇ ಹಿಡಿದಿದೆ ಎಂದೇ ತಿಳಿಯಿರಿ.

ಎಲ್ಲರೂ ಆಗ ಹೊಸ ಭಾಗವನ್ನೇ ಬಯ್ಯುತ್ತಾರೆ. ನಾನು ಮೊದಲು ಮರವನ್ನು ನೋಡುತ್ತೇನೆ. ಹಳೆಯ ಮಾದರಿಯಲ್ಲಿ ಟ್ರಿಗರ್ ತೂಗುವುದು ಅದರ ಸುತ್ತಲಿನ ಕಬ್ಬಿಣದ ಬಳೆಯಿಂದ, ಅಂದರೆ ಕೆಳಗಿನ ಗಾರ್ಡಿನಿಂದ, ಸಿಯರ್ ಇರುವುದು ಮೇಲಿನ ಕಬ್ಬಿಣದಲ್ಲಿ. ನಡುವೆ ಇರುವುದು ಮರ. ಕಕ್ಕಡ ತಿಂಗಳ ಮಳೆಗೆ ನಮ್ಮ ಅಡಿಗೆಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಉಜ್ಜುತ್ತದಲ್ಲ, ಕೋವಿಯ ಮರಕ್ಕೂ ಅದೇ ಗತಿ. ಉಬ್ಬಿದರೂ ಬೇಸಿಗೆಗೆ ಕುಗ್ಗಿದರೂ ಟ್ರಿಗರಿಗೂ ಸಿಯರಿಗೂ ನಡುವಿನ ಅಂತರ ಬದಲಾಗುತ್ತದೆ. ಖಾಲಿ ಕೋವಿಯ ಮುಂದಿನ ಗಾರ್ಡ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಎಳೆದು ನೋಡಿ. ಎಳೆತ ಬದಲಾದರೆ ತಪ್ಪು ಮರದ್ದು. ಆ ಸ್ಕ್ರೂವಿನ ಸುತ್ತ ಒಂದು ಚಿಕ್ಕ ಕೊಳವೆ ಇರುತ್ತದೆ, ಸ್ಕ್ರೂ ಮರವನ್ನು ಅಮುಕದಂತೆ ತಡೆಯುವುದು ಅದೇ. ಬಿಚ್ಚಿದಾಗ ಅದು ಮೇಜಿನಿಂದ ಉರುಳಿ ಸೋಫಾದ ಅಡಿ ಸೇರುವುದು ನನಗೆ ಗೊತ್ತಿರುವ ಅತಿ ಸಾಮಾನ್ಯ ದೋಷ. ನಮ್ಮ ಹುಡುಗನದೂ ಅದೇ ಆಗಿತ್ತು.

ಮರ ಬಿಚ್ಚುವಾಗ ಇನ್ನೊಂದು ಎಚ್ಚರ: ಮುಂದಿನ ಮರ ತೆಗೆಯದೆ ಭುಜಕ್ಕೆ ಒರಗುವ ಹಿಂದಿನ ಹಿಡಿಯನ್ನು ಬಿಗಿಯುವ ಉದ್ದ ಸ್ಕ್ರೂ ಬೋಲ್ಟನ್ನು ತಿರುಗಿಸಬೇಡಿ. ಹಳೆಯವುಗಳಲ್ಲಿ ಅದರ ಚೌಕ ತುದಿ ಮುಂದಿನ ಮರದೊಳಗಿನ ತಗಡಿಗೆ ಕೂತಿರುತ್ತದೆ. ತಿರುಗಿಸಿದರೆ ಮರ ಸೀಳುತ್ತದೆ.

ಮ್ಯಾಗಜಿನ್ ಹಿಡಿಯುವ ಕೊಕ್ಕೆ ಸಡಿಲವಾಗಿದ್ದರೆ ಅದನ್ನು ಬೇರೆ ತೊಂದರೆ ಎಂದುಕೊಳ್ಳಬೇಡಿ. ಸಿಯರನ್ನೂ ಆ ಕೊಕ್ಕೆಯನ್ನೂ ಒತ್ತಿ ಹಿಡಿಯುವುದು ಒಂದೇ ಸ್ಪ್ರಿಂಗ್. ಅದು ಅಡ್ಡಾದಿಡ್ಡಿ ಕೂತಿದ್ದರೆ ಎರಡೂ ಒಟ್ಟಿಗೆ ಕೆಡುತ್ತವೆ.

ಟ್ರಿಗರ್ ಎಳೆದ ಮೇಲೆ ಮುಂದಕ್ಕೆ ಮರಳದಿದ್ದರೆ ಎಣ್ಣೆಯನ್ನು ಅನುಮಾನಿಸಿ. ಕೊಬ್ಬರಿ ಎಣ್ಣೆ ಹಾಕುವ ಹಿರಿಯರು ಈಗಲೂ ಇದ್ದಾರೆ. ಇಪ್ಪತ್ನಾಲ್ಕು ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಡಿಸೆಂಬರಿನ ಮಡಿಕೇರಿಯಲ್ಲಿ ಕೇಳುವುದೇ ಬೇಡ. ಹೊಸದಾಗಿ ಕೊಂಡ ಭಾಗದ ಮೇಲೆ ಗೋಡೌನಿನ ಗ್ರೀಸ್ ಅಂಟಿರುವುದೂ ಉಂಟು. ಸೀಮೆ ಎಣ್ಣೆಯಲ್ಲಿ ತೊಳೆದು, ಒಣಗಿಸಿ, ತೆಳುವಾದ ಮೆಷಿನ್ ಎಣ್ಣೆ ಒಂದು ತೊಟ್ಟು ಸಾಕು. ಹಪ್ಪಳ ಕರಿಯುತ್ತಿಲ್ಲ ನಾವು.

ಎಲ್ಲ ಸರಿ ಎನಿಸಿದ ಮೇಲೆ ಖಾಲಿ ಕೋವಿಯ ಬೋಲ್ಟನ್ನು ಹತ್ತು ಸಲ ಜೋರಾಗಿ ಮುಚ್ಚಿ. ಒಂದು ಸಲವಾದರೂ ಕಾಕಿಂಗ್ ಪೀಸ್ ನಿಲ್ಲದೆ ಹಿಂಬಾಲಿಸಿ ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಕೋವಿಯನ್ನು ಬಳಸಬೇಡಿ. ಮಡಚಿದ ಗೋಣಿಯ ಮೇಲೆ ಹಿಡಿಯನ್ನು ಕುಟ್ಟಿ ನೋಡಿ, ಆಗಲೂ ಬೀಳಬಾರದು. ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಬೆರಳು ತೆಗೆದು, ಸೇಫ್ಟಿ ಬಿಡಿಸಿ. ಆ ಕ್ಷಣದಲ್ಲಿ ಟಕ್ ಎಂದರೆ ಸೇಫ್ಟಿಗೂ ಕಾಕಿಂಗ್ ಪೀಸಿಗೂ ಹೊಂದಿಕೆಯಾಗಿಲ್ಲ. ಕಾಕಿಂಗ್ ಪೀಸನ್ನೇ ಬೇರೆ ಕೋವಿಯಿಂದ ತಂದಾಗ ಇದನ್ನು ಹೆಚ್ಚು ಕಂಡಿದ್ದೇನೆ. ಬೋಲ್ಟನ್ನಂತೂ ಒಂದು ಕೋವಿಯಿಂದ ಇನ್ನೊಂದಕ್ಕೆ ಹಾಕಲೇಬೇಡಿ. ಬೋಲ್ಟಿನ ಹಿಡಿಕೆಯ ಮೇಲಿನ ನಂಬರು ಕೋವಿಯ ನಂಬರಿಗೆ ಹೊಂದಬೇಕು. ತೋಟೆ ಕೂರುವ ಜಾಗದ ಅಳತೆ ತಪ್ಪಿದರೆ ಒಡೆಯುವುದು ನಿಮ್ಮ ಮುಖದ ಮುಂದೆ.

ಅರ ಹಿಡಿದು ಸಿಯರನ್ನು ಉಜ್ಜುವ ಆಸೆ ಬಂದರೆ ಕೋವಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಹೋಗಿ ಕಾಫಿ ಕುಡಿಯಿರಿ. ಮೇಲಿನ ಗಟ್ಟಿ ಪದರ ಹೋದರೆ ಒಳಗಿನ ಮೆತ್ತನೆಯ ಕಬ್ಬಿಣ ಬೇಗ ಸವೆಯುತ್ತದೆ, ಇಂದು ಮೃದುವಾದ ಕುದುರೆ ನಾಳೆ ತಾನಾಗಿ ಓಡುತ್ತದೆ. ಕೊಡವರಿಗೆ ಸಿಕ್ಕಿರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ರಿಪೇರಿಯ ಕಸುಬಿಗೆ ಬೇರೆಯೇ ಪರವಾನಗಿ ಬೇಕು, ಅದಿರುವವರ ಬಳಿಗೆ ಒಯ್ಯಿರಿ.

ಒಯ್ಯುವಾಗ ತೆಗೆದ ಹಳೆಯ ಭಾಗಗಳನ್ನೂ ಜೊತೆಗೆ ಕೊಡಿ, ಪಕ್ಕಪಕ್ಕ ಇಟ್ಟು ನೋಡಿದರೆ ಕೆಲಸದವರಿಗೆ ಅರ್ಧ ಉತ್ತರ ಸಿಗುತ್ತದೆ. ನಮ್ಮ ಹುಡುಗನ ಹಳೆಯ ಟ್ರಿಗರ್ ನಾನು ಎತ್ತಿಟ್ಟಿದ್ದ ಏಲಕ್ಕಿ ಡಬ್ಬಿಯಲ್ಲಿತ್ತು. ರಿಪೇರಿಯವರು ಅದನ್ನೇ ಮತ್ತೆ ಕೂರಿಸಿ, ಕಳೆದ ಕೊಳವೆಯ ಬದಲಿಗೆ ಹೊಸದು ಹಾಕಿ ಕೊಟ್ಟರು. ಆ ಹಳೆಯ ಟ್ರಿಗರ್ ಸವೆದೇ ಇರಲಿಲ್ಲವಂತೆ.