ಕಾರಿನ ಎಕ್ಸ್‌ಟೆಂಡೆಡ್ ವಾರಂಟಿ ಬೇಡವೇ? ಹಣ ವಾಪಸ್ ಪಡೆಯುವುದು ಹೀಗೆ

ಹೊಸ ಕಾರು ಮನೆಗೆ ಬರುವ ದಿನ ಕಾಗದ ಓದುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಒಂದು ಕಡೆ ಹಾರ, ಚಕ್ರದಡಿ ನಿಂಬೆಹಣ್ಣು. ಇನ್ನೊಂದು ಕಡೆ ‘ಸರ್, ಇಲ್ಲೊಂದು ಸೈನ್, ಇಲ್ಲೊಂದು’ ಎನ್ನುವ ಶೋರೂಮ್ ಹುಡುಗ. ನಮ್ಮಕ್ಕನ ಮನೆಯಲ್ಲೂ ಹಾಗೇ ಆಯಿತು. ಹದಿನೈದು ದಿನ ಬಿಟ್ಟು ಫೈಲ್ ಬಿಚ್ಚಿದರೆ ಇನ್ಶೂರೆನ್ಸ್ ಮತ್ತು ಫಾಸ್ಟ್ಯಾಗ್ ಸಾಲುಗಳ ಮಧ್ಯೆ ‘ಇ.ಡಬ್ಲ್ಯೂ.’ ಅಂತ ಎರಡೇ ಅಕ್ಷರ, ಎದುರಿಗೆ 17,700 ರೂಪಾಯಿ. ಅದು ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಅವಧಿಯ ವಾರಂಟಿ ಅಂತ ಭಾವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಕಾರು ಬುಕ್ ಮಾಡಿ ಇನ್ನೂ ಬಿಲ್ ಆಗಿಲ್ಲ ಅಂದರೆ ಕೆಲಸ ಸುಲಭ. ‘ಇದನ್ನು ತೆಗೆದು ಹೊಸ ಕೊಟೇಶನ್ ಕೊಡಿ’ ಎಂದರೆ ಮುಗಿಯಿತು. ‘ಇದನ್ನು ತಗೊಂಡರೇನೇ ಡೆಲಿವರಿ’ ಎಂದರೆ ಒಪ್ಪಬೇಡಿ. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು.

ಬಿಲ್ ಆಗಿಹೋಗಿದ್ದರೆ ಮೊದಲು ವಾರಂಟಿ ಸರ್ಟಿಫಿಕೇಟ್ ಹುಡುಕಿ. ಅದರಲ್ಲಿ ಮೂರು ವಿಷಯ ನೋಡಬೇಕು. ವಾರಂಟಿ ಕೊಟ್ಟವರು ಯಾರು? ಕಾರು ತಯಾರಿಸಿದ ಕಂಪನಿಯೋ, ಡೀಲರೋ, ಬೇರೆ ಮೂರನೆಯವರೋ? ಅದು ಶುರುವಾಗುವ ತಾರೀಕು ಯಾವುದು? ರದ್ದು ಮಾಡುವ ಬಗ್ಗೆ ಏನು ಬರೆದಿದೆ?

ಈ ಮೂರರಲ್ಲಿ ತಾರೀಕೇ ನಿಮ್ಮ ದೊಡ್ಡ ಬಲ. ಎಕ್ಸ್‌ಟೆಂಡೆಡ್ ವಾರಂಟಿ ಸಾಮಾನ್ಯವಾಗಿ ಕಂಪನಿಯ ಮೂಲ ವಾರಂಟಿ ಮುಗಿದ ಮೇಲೆ ಶುರುವಾಗುತ್ತದೆ. ಮೂಲ ವಾರಂಟಿ 3 ವರ್ಷದ್ದಾದರೆ, ನೀವು ದುಡ್ಡು ಕೊಟ್ಟಿರುವುದು 4 ಮತ್ತು 5ನೇ ವರ್ಷಕ್ಕೆ. ಅಲ್ಲಿವರೆಗೆ ಆ ಹಣದ ಮೇಲೆ ಅವರು ಒಂದು ಬೋಲ್ಟ್ ಕೂಡ ಬದಲಿಸಿಕೊಟ್ಟಿರುವುದಿಲ್ಲ. ಶುರುವೇ ಆಗದ ಸೇವೆಯ ಹಣ ಪೂರ್ತಿ ಕೊಡಿ ಎಂದು ಕೇಳುವುದು ನ್ಯಾಯವೇ ಅಲ್ವಾ?

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಜೀವ ವಿಮೆ, ಆರೋಗ್ಯ ವಿಮೆಗಳನ್ನು ಬೇಡವೆನಿಸಿದರೆ 30 ದಿನದೊಳಗೆ ವಾಪಸ್ ಮಾಡಬಹುದು. ಕಾರಿನ ವಾರಂಟಿಗೆ ಅಂಥ ಸಿದ್ಧ ನಿಯಮ ಇಲ್ಲ. ಷರತ್ತುಗಳಲ್ಲಿ ಇರುವುದೇ ಮೊದಲ ಆಧಾರ. ‘ನಾನ್ ರಿಫಂಡಬಲ್’ ಎಂದು ಬರೆದಿದ್ದರೂ ಕೈಚೆಲ್ಲಬೇಡಿ. ನಿಮಗೆ ಹೇಳದೆ ಸೇರಿಸಿದ್ದರೆ, ಬಲವಂತ ಮಾಡಿದ್ದರೆ ವಾದಕ್ಕೆ ಜಾಗ ಇದ್ದೇ ಇದೆ.

ರದ್ದು ಮಾಡುವ ಮುಂಚೆ ಒಂದು ಗಳಿಗೆ ಯೋಚಿಸಿ. ಕಾರು ಮಾರುವವರಿದ್ದರೆ ವಾರಂಟಿಯನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಬಹುದೇ ಎಂದು ಕೇಳಿ. ಆಗ ಕಾರಿನ ಬೆಲೆಯಲ್ಲೇ ಅದು ವಸೂಲಾಗಬಹುದು. ಆಟೊಮ್ಯಾಟಿಕ್ ಗೇರಿನ ಕಾರನ್ನು ಏಳೆಂಟು ವರ್ಷ ಓಡಿಸುವವರಿಗೆ ವಾರಂಟಿ ಇಟ್ಟುಕೊಳ್ಳುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ರದ್ದು ಮಾಡುವುದೇ ಖಚಿತವಾದರೆ ಬರೆದು ಕೇಳಿ. ಫೋನಿನಲ್ಲಿ ಕೇಳಿದರೆ ಸುಮ್ನೆ ದಿನ ಹೋಗುತ್ತದೆ. ಭಾವ ಮೂರು ಸಲ ಫೋನ್ ಮಾಡಿದಾಗಲೂ ‘ಸಿಸ್ಟಮ್‌ನಲ್ಲಿ ಆಗಲ್ಲ ಸರ್’ ಎಂಬ ಒಂದೇ ಉತ್ತರ. ಅದನ್ನೇ ಬರೆದು ಕೊಡಿ ಎಂದು ಇಮೇಲ್ ಕಳಿಸಿದ ಮೇಲೆ ಮ್ಯಾನೇಜರೇ ಫೋನ್ ಮಾಡಿದರು. ಡೀಲರಿಗೂ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೂ ಒಟ್ಟಿಗೇ ಇಮೇಲ್ ಹಾಕಿ. ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಹೀಗೆ ಬರೆಯಬಹುದು:

‘ಮಾನ್ಯರೇ, ಈ ಕೆಳಗಿನ ಬಿಲ್ಲಿನಲ್ಲಿ ನನ್ನ ಕಾರಿನ ಎಕ್ಸ್‌ಟೆಂಡೆಡ್ ವಾರಂಟಿಗೆ 17,700 ರೂ. ಪಡೆದಿದ್ದೀರಿ. ಈ ವಾರಂಟಿ ಇನ್ನೂ ಜಾರಿಗೆ ಬಂದಿಲ್ಲ. ಇದರಡಿ ಯಾವುದೇ ಕ್ಲೇಮ್ ಮಾಡಿಲ್ಲ. ಇದನ್ನು ರದ್ದು ಮಾಡಿ, ಜಿಎಸ್‌ಟಿ ಸೇರಿ ಪೂರ್ತಿ ಹಣವನ್ನು 15 ದಿನದೊಳಗೆ ಹಿಂದಿರುಗಿಸಿ. ಆಗದಿದ್ದರೆ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ತಿಳಿಸಿ.’

ಕೆಳಗೆ ಬಿಲ್ ನಂಬರ್, ಚಾಸಿ ನಂಬರ್, ಸರ್ಟಿಫಿಕೇಟ್ ನಂಬರ್ ಬರೆಯಿರಿ. ಬಿಲ್ಲಿನ ಪ್ರತಿ, ಕ್ಯಾನ್ಸಲ್ ಮಾಡಿದ ಚೆಕ್ ಲಗತ್ತಿಸಿ.

ವಾರಂಟಿ ಶುರುವಾಗಿಬಿಟ್ಟಿದ್ದರೆ? ಷರತ್ತು ಒಪ್ಪುವುದಾದರೆ ಉಳಿದ ಅವಧಿಯ ಹಣ ಕೇಳಬಹುದು. 17,700 ಅಂದರೆ ಮೂಲ ಬೆಲೆ 15,000, ಅದರ ಮೇಲೆ ಶೇ 18 ಜಿಎಸ್‌ಟಿ 2,700. 24 ತಿಂಗಳ ವಾರಂಟಿಯಲ್ಲಿ 6 ತಿಂಗಳು ಕಳೆದಿದ್ದರೆ ಉಳಿದಿರುವುದು 18. ಆ ಲೆಕ್ಕಕ್ಕೆ 11,250 ರೂ., ಜಿಎಸ್‌ಟಿ 2,025, ಒಟ್ಟು 13,275 ಬರಬೇಕು. ಇದರಲ್ಲಿ ರದ್ದತಿ ಶುಲ್ಕ ಕಳೆಯುತ್ತೇವೆ ಎಂದರೆ ಷರತ್ತಿನಲ್ಲಿ ಎಲ್ಲಿದೆ ತೋರಿಸಿ ಎನ್ನಿ.

ಜಿಎಸ್‌ಟಿ ವಿಷಯದಲ್ಲಿ ತಡ ಮಾಡಬೇಡಿ. ಡೀಲರು ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿದ್ದಕ್ಕೆ ಕೊಡುವ ಚೀಟಿ) ಕೊಟ್ಟು ತೆರಿಗೆ ಸರಿಹೊಂದಿಸಿಕೊಳ್ಳಲು ಬಿಲ್ ಆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಮಾತ್ರ ಅವಕಾಶ. ಅದು ದಾಟಿದರೆ ‘ತೆರಿಗೆ ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಬರುವ ಸಂಭವ ಜಾಸ್ತಿ.

ಉತ್ತರವೇ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಅದು ಕೋರ್ಟ್ ಅಲ್ಲ. ಆದರೆ ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಶೋರೂಮ್ ಬೆಂಗಳೂರಿನಲ್ಲಿದ್ದು ನೀವು ಹಾಸನದವರಾದರೆ ಹಾಸನದಲ್ಲೇ ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಗಡುವು ಮಾತ್ರ 2 ವರ್ಷ.

ಹಣ ಬಂತು ಅಂತ ಫೈಲ್ ಮುಚ್ಚಬೇಡಿ. ವಾರಂಟಿ ರದ್ದಾಗಿರುವ ಪತ್ರ ಕೇಳಿ ಪಡೆಯಿರಿ. ಕಾರು ಸಾಲದಲ್ಲಿ ಕೊಂಡಿದ್ದು, ವಾರಂಟಿಯ ಹಣವೂ ಸಾಲದಲ್ಲೇ ಸೇರಿದ್ದರೆ ಅದು ಬ್ಯಾಂಕಿಗೆ ಜಮಾ ಆಗಿರಬಹುದು. ಭಾವನಿಗೆ ಆದದ್ದೂ ಅದೇ. ಖಾತೆಗೆ ಬರಲಿಲ್ಲವೆಂದು ವಾರಗಟ್ಟಲೆ ಕಾದರು. ಕೊನೆಗೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿದಾಗ, ಅಸಲಿನಲ್ಲಿ 17,700 ಇಳಿದಿತ್ತು.