ಕೆರೆ ಬಲೆಗೆ ಆಮೆ ಸಿಕ್ಕಿದರೆ

ಕೋಲಾರ, ಚಿಕ್ಕಬಳ್ಳಾಪುರ ಕಡೆ ಕೆರೆ ಗುತ್ತಿಗೆ ಹಿಡಿದು ಮೀನು ಹಿಡಿಯೋರ ಗಮನಕ್ಕೆ. ಆಮೆಗೆ ಕಿವಿರಿಲ್ಲ, ಉಸಿರಿಗೆ ಮೇಲೆ ಬರಲೇಬೇಕು. ಸಂಜೆ ಬಿಟ್ಟ ನೈಲಾನ್ ಬಲೆಯನ್ನು ಬೆಳಿಗ್ಗೆಯೇ ಎಳೆದರೆ ಅಷ್ಟರಲ್ಲಿ ಸತ್ತಿರುತ್ತೆ. 2-3 ಗಂಟೆಗೊಮ್ಮೆ ನೋಡಿ. ಜೊಂಡು ಬೆಳೆದ ಅಂಚಿನಲ್ಲಿ ಬಲೆ ಬಿಡಲೇಬೇಡಿ.

ಸಿಕ್ಕಿದರೆ ಎಳೆದಾಡದೆ ನೂಲು ಕತ್ತರಿಸಿ. ಮೊಂಡುತುದಿಯ ಕತ್ತರಿ ಸಾಕು, ಕುಡುಗೋಲು ಬೇಡ. ಚಿಪ್ಪಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮೆತ್ತನೆ ಚಿಪ್ಪಿನ ಆಮೆಯ ಕತ್ತು ಉದ್ದ, ಪಕ್ಕಕ್ಕೆ ಹಿಡಿದರೆ ಬೆರಳು ಕಚ್ಚುತ್ತೆ. ಅಲುಗಾಡದಿದ್ದರೆ ಸತ್ತಿತೆಂದು ಎಸೆಯಬೇಡಿ: ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗ ತುಸು ಎತ್ತರಿಸಿ, ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ. ಶ್ವಾಸಕೋಶದ ನೀರು ಇಳಿಯಲು ಗಂಟೆಗಳೇ ಬೇಕು. ಮಗುಚಿ ಹಾಕೋದು ದೊಡ್ಡ ತಪ್ಪು. ಚೇತರಿಸಿಕೊಂಡ ಮೇಲೆ ಅದೇ ಕೆರೆಗೆ ಬಿಡಿ.

ಹೊಲದಲ್ಲಿ ಸಿಗೋ ನಕ್ಷತ್ರ ಆಮೆಯನ್ನು ಮಾತ್ರ ‘ಪಾಪ’ ಅಂತ ನೀರಿಗೆ ಬಿಡಬೇಡಿ. ಅದು ನೆಲದ ಪ್ರಾಣಿ, ಮುಳುಗಿ ಸಾಯುತ್ತೆ. ಸಿಕ್ಕ ಜಾಗದಲ್ಲೇ ಪೊದೆ ಪಕ್ಕ ಬಿಡಿ.

ಕಡಲಾಮೆಯಂತೆ ಮೆತ್ತನೆ ಚಿಪ್ಪಿನ ಆಮೆ, ನಕ್ಷತ್ರ ಆಮೆಗಳೂ 1972ರ ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ. ಮನೆಯ ತೊಟ್ಟಿಯಲ್ಲಿ ಸಾಕಿದರೂ ಕೇಸು. ಗಾಯವಾಗಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.