ಟೋಕಿಯೊ ಆಟೊ ಸಲೊನ್: ಬಣ್ಣ ಬಿಟ್ಟು ಬೋಲ್ಟ್ ನೋಡಿದೆ

ಆಟೊ ಸಲೊನ್ ಅಂದರೆ ಮಾಡಿಫೈ ಮಾಡಿದ ಕಾರುಗಳ ಪ್ರದರ್ಶನ. ಹೆಸರಲ್ಲಿ ಟೋಕಿಯೊ ಇದ್ದರೂ ಅದು ನಡೆಯುವುದು ಪಕ್ಕದ ಚಿಬಾದಲ್ಲಿ, ಮಕುಹಾರಿ ಮೆಸ್ಸೆ ಅನ್ನುವ ಪ್ರದರ್ಶನ ಕೇಂದ್ರದಲ್ಲಿ. ಪ್ರತಿ ಜನವರಿ, ಶುಕ್ರವಾರದಿಂದ ಭಾನುವಾರದವರೆಗೆ. 1983ರಲ್ಲಿ 'ಆಪ್ಷನ್' ಅನ್ನುವ ಕಾರು ಪತ್ರಿಕೆಯವರು ಬೇರೆ ಹೆಸರಲ್ಲಿ ಶುರು ಮಾಡಿದ್ದು. ಆಗ ಕಾರು ಮಾಡಿಫೈ ಮಾಡುವವರನ್ನು ಜಪಾನಿನಲ್ಲೂ ಪುಂಡರ ಥರ ನೋಡುತ್ತಿದ್ದರು. ಈಗ ನೋಡಿ, ಟೊಯೊಟಾ ತನ್ನ ಜಿಆರ್ ಯಾರಿಸ್ ಕಾರನ್ನು 2020ರಲ್ಲಿ ಮೊದಲು ತೋರಿಸಿದ್ದೇ ಇಲ್ಲಿ. ಆ ವರ್ಷ ಮೂರು ದಿನದಲ್ಲಿ 3.3 ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರು.

ಟೋಕಿಯೊದಲ್ಲಿ ಕೆಲಸ ಮಾಡುವ ನಾನು ಶುಕ್ರವಾರ ರಜೆ ಹಾಕಿ ಹೋದೆ. ಆ ದಿನದ ಟಿಕೆಟ್ಟಿಗೆ ದುಡ್ಡು ಜಾಸ್ತಿ, ಆದರೆ ಕಾರಿನ ಹತ್ತಿರ ನಿಲ್ಲಲು ಜಾಗ ಸಿಗುತ್ತದೆ. ಟೋಕಿಯೊ ಸ್ಟೇಷನ್ನಿನಲ್ಲಿ ಕೇಯೊ ಲೈನ್ ಪ್ಲಾಟ್‌ಫಾರ್ಮಿಗೆ ನೆಲದಡಿಯಲ್ಲಿ ನಡೆದಷ್ಟೂ ಮುಗಿಯುವುದಿಲ್ಲ. ಅದಕ್ಕೆ ಹದಿನೈದು ನಿಮಿಷ ಎತ್ತಿಡಿ. ಇಳಿಯಬೇಕಾದ್ದು ಕೈಹಿನ್ ಮಕುಹಾರಿ.

ಹಾಲ್‌ಗಳು ಒಟ್ಟು ಹನ್ನೊಂದು. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಕಾಲು ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಕಂಪನಿಗಳ ದೊಡ್ಡ ವೇದಿಕೆಗಳನ್ನು ಕೊನೆಗೆ ಇಟ್ಟುಕೊಂಡೆ. ಅವು ಹೇಗೂ ಯೂಟ್ಯೂಬಿನಲ್ಲಿ ಬರುತ್ತವೆ, ಅಲ್ವಾ? ನಾನು ಬಂದಿದ್ದು ಜೋಡಣೆ ನೋಡಲು. ಬಣ್ಣ ಎಲ್ಲರೂ ಚೆನ್ನಾಗಿ ಹೊಡೆಸುತ್ತಾರೆ. ಬಾಗಿ ಚಕ್ರದ ಗೂಡಿನೊಳಗೆ ಇಣುಕಿದರೆ ಮಾತ್ರ ಕೆಲಸ ಮಾಡಿದವನ ಕೈ ಗೊತ್ತಾಗುತ್ತದೆ.

ಲಿಬರ್ಟಿ ವಾಕ್ ಹೆಸರು ನೀವು ಕೇಳಿರಬಹುದು. ಐಚಿ ಪ್ರಾಂತ್ಯದ ವಾತಾರು ಕಾಟೊ ಅವರ ಸಂಸ್ಥೆ. ಲ್ಯಾಂಬೊರ್ಗಿನಿಯ ಫೆಂಡರನ್ನೂ, ಅಂದರೆ ಚಕ್ರದ ಮೇಲಿನ ಹೊದಿಕೆಯನ್ನೂ, ಕೊಯ್ದು ಅಗಲ ಮಾಡುವವರು. ಅಂಥ ಅಗಲ ಫೆಂಡರಿನ ಬೋಲ್ಟುಗಳನ್ನು ಮುಚ್ಚಿಡುವುದಿಲ್ಲ, ಎದ್ದು ಕಾಣುವಂತೆಯೇ ಬಿಡುತ್ತಾರೆ. ನನಗೆ ಆ ಶೈಲಿ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಬೋಲ್ಟುಗಳ ನಡುವಿನ ಅಂತರ ಒಂದು ಕೂದಲಷ್ಟೂ ಆಚೀಚೆ ಇರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು ನರಿತಾದ ಆಟೊಮೊಬೈಲ್ ಕಾಲೇಜು ನ್ಯಾಟ್ಸ್‌ನ ಹುಡುಗರ ಹತ್ತಿರ. ಅವರೇ ಕಟ್ಟಿದ ಕಾರುಗಳು. ಫೆಂಡರಿನ ಒಳಗೆ ಏನು ಮಾಡಿದಿರಿ ಅಂತ ನನ್ನ ಅರೆಬರೆ ಜಪಾನಿಯಲ್ಲಿ ಕೇಳಿದ್ದೇ ತಡ, ಒಬ್ಬ ಹುಡುಗ ಟಾರ್ಚ್ ಹಿಡಿದು ನೆಲಕ್ಕೆ ಕೂತ. ಕೊಯ್ದ ತಗಡನ್ನು ಹಾಗೇ ಬಿಟ್ಟಿರಲಿಲ್ಲ. ಅಂಚಿನುದ್ದಕ್ಕೂ ಸೀಳು ಕೊಟ್ಟು, ಒಳಕ್ಕೆ ಮಡಿಸಿ, ವೆಲ್ಡ್ ಮಾಡಿ, ಮೇಲೆ ಬ್ರಷ್ಷಿನಲ್ಲಿ ಸೀಲರ್ ಬಳಿದಿದ್ದರು. ಇಲ್ಲದಿದ್ದರೆ ಮಳೆನೀರು ಎರಡು ಪದರದ ನಡುವೆ ನಿಂತು ತುಕ್ಕು ಹಿಡಿಯುತ್ತದೆ. ಬ್ರಷ್ಷಿನ ಗೆರೆಗಳು ಒಣಗಿ ಹಾಗೇ ಇದ್ದವು. ಇಷ್ಟು ಕೆಲಸ ಹೊರಗೆ ಯಾರಿಗೂ ಕಾಣುವುದಿಲ್ಲ.

ಶಾಕೆನ್ ಬಗ್ಗೆಯೂ ಅವನೇ ಮಾತು ತೆಗೆದ. ಅದು ಜಪಾನಿನಲ್ಲಿ ಕಾರುಗಳಿಗೆ ಕಡ್ಡಾಯವಾದ ತಪಾಸಣೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಕಾರಿನ ಹೊಟ್ಟೆ ನೆಲದಿಂದ 9 ಸೆಂಟಿಮೀಟರ್ ಮೇಲಿರಬೇಕು. ಒಂದು ಮಿತಿಗಿಂತ ಜಾಸ್ತಿ ಅಗಲ ಮಾಡಿದರೆ ಆ ಅಳತೆಯನ್ನು ದಾಖಲೆಯಲ್ಲಿ ತಿದ್ದಿಸಬೇಕು. 1995ರಲ್ಲಿ ನಿಯಮ ಸಡಿಲಿಸಿದ ಮೇಲೆ ಬಿಡಿಭಾಗದ ವ್ಯಾಪಾರ ರಾಜಾರೋಷವಾಗಿ ಬೆಳೆಯಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಕಂಪನಿಯ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದಿದೆ. ಹಾಗಾಗಿ ಇಲ್ಲಿ ಕಂಡ ಕಿಟ್ಟನ್ನು ಬೆಂಗಳೂರಿಗೆ ಕಳಿಸು ಅನ್ನುವ ಗೆಳೆಯರಿಗೆ ನನ್ನ ಉತ್ತರ ಒಂದೇ: ಮೊದಲು ಆರ್‌ಟಿಒ ಹತ್ತಿರ ಕೇಳು.

ಚಕ್ರ ತಯಾರಿಸುವ ರೇಸ್ (RAYS) ಕಂಪನಿಯ ಮಳಿಗೆಯಲ್ಲಿ ಟಿಇ37 ಚಕ್ರವನ್ನು ತಡಕಿ ನೋಡಿದೆ. ಆರು ಕಡ್ಡಿಯ ಫೋರ್ಜ್ಡ್ (ಲೋಹವನ್ನು ಒತ್ತಿ ರೂಪಿಸಿದ) ಚಕ್ರ, ಬಂದಿದ್ದು 1996ರಲ್ಲಿ. ಆಗಿನ 15 ಇಂಚಿನದು 3.7 ಕೆಜಿ ತೂಗುತ್ತಿತ್ತು. ಈಗಲೂ ಪ್ರದರ್ಶನದ ಅರ್ಧ ಕಾರುಗಳಿಗೆ ಇದೇ ಏನೋ ಅನ್ನಿಸುತ್ತದೆ.

ಕೆಲವು ಕಡೆ ಕ್ಯಾಮೆರಾಗಳ ಗೋಡೆಯೇ ಎದ್ದಿರುತ್ತದೆ. ಅದು ಕಾರಿಗಲ್ಲ, ಪಕ್ಕದ ಮಾಡೆಲ್‌ಗೆ. ಸುಮ್ನೆ ತಳ್ಳಾಡಬೇಡಿ. ಅವರು ವಿರಾಮಕ್ಕೆ ಒಳಗೆ ಹೋದಾಗ ಗುಂಪೂ ಕರಗುತ್ತದೆ, ಕಾರು ಪೂರ್ತಿ ನಿಮ್ಮದು.

ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೋಗಿ. ನಾನು ಚಿತ್ರಾನ್ನ ಒಯ್ದಿದ್ದೆ. ದಪ್ಪ ಕೋಟಿದ್ದರೆ ಸ್ಟೇಷನ್ನಿನ ಲಾಕರಿನಲ್ಲೇ ಬಿಡಿ, ಒಳಗೆ ಸೆಕೆ. ಆದರೆ ಹೊರಗೆ ಡ್ರಿಫ್ಟ್, ಅಂದರೆ ಕಾರನ್ನು ಅಡ್ಡಡ್ಡ ಜಾರಿಸುತ್ತಾ ಓಡಿಸುವುದನ್ನು, ನೋಡಲು ನಿಂತರೆ ಸಮುದ್ರದ ಗಾಳಿ ಕೊರೆಯುತ್ತದೆ, ಒಂದು ಸ್ವೆಟರ್ ಬ್ಯಾಗಿನಲ್ಲಿರಲಿ.